ಹಸ್ತಕೌಶಲವೂ ವಿದ್ಯಾಭ್ಯಾಸವೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಸಕಲೇಶಪುರ, ಆಲೂರು ಸೀಮೆಯ ಭಕ್ತಮಹಾಶಯರಿಗೆ ಗೊರಬೆಂಬುದು ಅಪರಿಚಿತವಾದ ವಸ್ತುವಲ್ಲ. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆಗಳನ್ನು ಒತ್ತಾಗಿ ಹಾಸಿ ಮಾಡಿದ ಆ ಹೊದಿಕೆಯನ್ನು ತಲೆಯಿಂದ ಬೆನ್ನಿನ ಮೇಲೆ ಇಳಿಬಿಟ್ಟುಕೊಂಡು ಮಲೆನಾಡಿನ ಹೆಣ್ಣುಮಕ್ಕಳು ಸುರಿವ ಮಳೆಯಲ್ಲಿ ಗದ್ದೆಯ ನಾಟಿಯನ್ನು ನಡೆಸುತ್ತಿದ್ದರು. ಪ್ಲಾಸ್ಟಿಕ್ಕಿನ ಹೊದಿಕೆ ಬಂದ ಮೇಲೆ ಗೊರಬು ಅಟ್ಟವನ್ನು ಸೇರಿತು. ಆದರೂ ಅದರ ರಚನೆಯಲ್ಲಿರುವ ಬುದ್ಧಿಯು ವಿಚಾರಾರ್ಹವಾದುದು. ಕೊಡೆಯು ಒಂದು ಕೈಯನ್ನು ಕಟ್ಟಿಹಾಕುವುದು. ನಾಟಿಗೆ ಎರಡು ಕೈಗಳೂ ಬೇಕು. ನಿಂತವರ ತಲೆಯನ್ನು ಕಾಯುವ ಕೊಡೆಯು ಬಾಗಿದವರ ಬೆನ್ನನ್ನು ಕಾಯಲಾರದು. ಮಾಡತಕ್ಕ ಕೆಲಸವಾವುದು, ಮೈಯ ನಿಲುವಾವುದು, ಮಳೆಯೆಂತಹುದು, ಸಮೀಪದಲ್ಲಿ ದೊರೆಯುವ ಸಾಮಗ್ರಿಯಾವುದು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಅದನ್ನು ಮಾಡಿದವರು ಯಾವ ಶಾಲೆಯಲ್ಲಿಯೂ ಓದಿದವರಲ್ಲ. ಇಂದಿನವರು ವಿನ್ಯಾಸವಿದ್ಯೆಯೆಂದು ಹೇಳುವುದು ಈ ವಿಚಾರಕ್ರಮವನ್ನೇ.

ಇಂತಹ ವಿದ್ಯೆಯನ್ನು ಪಾಠಶಾಲೆಗೆ ತರಬೇಕೆಂಬ ಯತ್ನವು ಹೊಸದಲ್ಲ. ಫಿನ್ಲೆಂಡ್ ದೇಶವು 1866ರಲ್ಲಿಯೇ ಜನಸಾಮಾನ್ಯರ ಶಾಲೆಗಳಲ್ಲಿ ಕರಕುಶಲವನ್ನು ಪಾಠವಾಗಿ ವಿಧಿಸಿತು. ನಮ್ಮ ದೇಶದಲ್ಲಿ 1937ನೆಯ ಅಕ್ಟೋಬರ್ ತಿಂಗಳಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕಸುಬಿನ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂದು ಪ್ರತಿಪಾದಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂದು ಸೂಚಿಸಿತು.

ಆದರೆ ಇಲ್ಲಿ ಒಂದು ಶಂಕೆಯುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು, ಮಕ್ಕಳು ಅರ್ಧದಿನ ಶಾಲೆಯಲ್ಲಿಯೂ ಉಳಿದ ವೇಳೆಯಲ್ಲಿ ತಂದೆಯ ಕಸುಬಿನಲ್ಲಿಯೂ ಇರಲೆಂದು ಯೋಜನೆಯೊಂದನ್ನು ತಂದರು. ಇದು ಕುಲಕಸುಬಿನ ಸಂಕೋಲೆಯೆಂದು ಜನರು ಪ್ರತಿಭಟಿಸಲಾಗಿ 1954ರಲ್ಲಿ ಅದು ರದ್ದಾಯಿತು. ಲೈನುಮನೆಯ ತಾಯಿಯು ತನ್ನ ಮಗಳು ಕತ್ತಿ ಗುದ್ದಲಿಗಳನ್ನು ಬಿಟ್ಟು ಓದಲೆಂದು ಹಂಬಲಿಸುವುದರಲ್ಲಿ ತಪ್ಪೇನಿದೆ? ಬಡವರ ಮಗುವಿಗೆ ಕೈಗೆಲಸ, ಯಜಮಾನರ ಮಗುವಿಗೆ ಪುಸ್ತಕ ಎಂದಾದರೆ ಅದು ವಿದ್ಯೆಯ ವೇಷದಲ್ಲಿ ಬಂದ ಅನ್ಯಾಯವೇ ಸರಿ. ಹಗ್ಗ ಹೊಸೆದ ನುಲಿಯ ಚಂದಯ್ಯನೂ ಬಿದಿರು ಹೆಣೆದ ಮೇದರ ಕೇತಯ್ಯನೂ ಶರಣಸಮೂಹದಲ್ಲಿ ಸಮಾನಗೌರವವನ್ನು ಪಡೆದ ಪರಂಪರೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆದುದರಿಂದ ಎಲ್ಲ ಮನೆಗಳ ಮಕ್ಕಳೂ ಒಂದೇ ಮಣೆಯ ಮೇಲೆ ಕುಳಿತು ಒಂದೇ ವಸ್ತುವನ್ನು ಮಾಡತಕ್ಕದ್ದು. ಮಾಡಿದ ವಸ್ತುವನ್ನು ಪರೀಕ್ಷಿಸತಕ್ಕದ್ದು ಅದರ ಉಪಯೋಗವೇ.

ದೃಷ್ಟಾಂತಕ್ಕೆ ಮಳೆಮಾಪಕವನ್ನು ತೆಗೆದುಕೊಳ್ಳಬಹುದು. ಅಗಲಬಾಯಿಯ ಆಲಿಕೆಯನ್ನು ಕಿರಿದಾದ ಗಾಜಿನ ನಳಿಕೆಯ ಮೇಲಿಟ್ಟರೆ ಅದು ಸಿದ್ಧವಾಗುವುದು. ಆಲಿಕೆಯ ಬಾಯಿಯ ವಿಸ್ತೀರ್ಣವು ನಳಿಕೆಯದರ 10 ಪಟ್ಟು ಇದ್ದರೆ, 1 ಮಿಲಿಮೀಟರ್ ಮಳೆಗೆ ನಳಿಕೆಯಲ್ಲಿ 10 ಮಿಲಿಮೀಟರ್ ನೀರೇರುವುದು. ಅರೇಬಿಕಾ ಕಾಫಿಯ ಹೂಮಳೆ ಸುಮಾರು 25ರಿಂದ 40 ಮಿಲಿಮೀಟರ್ ಬೀಳಬೇಕಾದುದರಿಂದ, ಈ ಸೂಕ್ಷ್ಮತೆಯು ತೋಟದವರಿಗೆ ಪ್ರಯೋಜನಕರವಾದುದು. ಆದರೆ ಆಷಾಢದಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿದರೆ ಅದೇ ನಳಿಕೆಯು ಒಂದು ಮೀಟರ್ ಎತ್ತರವಿರಬೇಕಾಗುವುದು! ಗಿಡ್ಡ ನಳಿಕೆಯು ತುಂಬಿ ಹೊರಚೆಲ್ಲುವುದು; ಲೆಕ್ಕವು ಸುಳ್ಳಾಗುವುದು. ಆಗ ಮಕ್ಕಳು ಚೆಲ್ಲಿದ ನೀರನ್ನು ಹಿಡಿಯಲು ಹೊರಗೊಂದು ಪಾತ್ರೆಯನ್ನು ಇಡುವರು, ಇಲ್ಲವೆ ಆಲಿಕೆಯನ್ನು ಕಿರಿದುಮಾಡುವರು. ಮರದಡಿ ಇಟ್ಟವರಿಗೆ ಎಲೆಯ ಹನಿಗಳು ಮೋಸಮಾಡುವುವು. ಅವರು ಬಯಲಿಗೆ ಬರುವರು. ಗಣಿತವೂ ಭೂಗೋಳವೂ ಕೈಯ ನೇರ್ಪೂ ಇಲ್ಲಿ ಒಂದಾಗುವುವು. ಸಕಲೇಶಪುರದ ಘಟ್ಟದಂಚಿನಿಂದ ಪೂರ್ವಕ್ಕೆ ಆಲೂರಿನತ್ತ ಬಂದಂತೆ ಮಳೆಯು ಕ್ಷೀಣಿಸುವ ಬಗೆಯನ್ನು ಶಾಲೆಶಾಲೆಯ ಮಾಪಕಗಳೇ ತೋರಿಸಿಕೊಡಬಲ್ಲುವು.

ಇದರಲ್ಲಿ ಮುಖ್ಯವಾದುದು ಮೊದಲ ಸೋಲು. ಬರಹದ ತಪ್ಪನ್ನು ಗುರುವು ತೋರಿಸಬೇಕು. ಸೋರುವ ಪಾತ್ರೆಯ ತಪ್ಪನ್ನು ಪಾತ್ರೆಯೇ ತೋರಿಸುವುದು. ಮಳೆಗೆ ಯಜಮಾನರ ಮಗನೆಂದೂ ಕೂಲಿಯವರ ಮಗಳೆಂದೂ ಭೇದವಿಲ್ಲ. ತಿದ್ದಿ ಮತ್ತೆ ಮಾಡಿದ ಕೈಗೆ ವಿನಯವೂ ಧೈರ್ಯವೂ ಜೊತೆಯಾಗಿ ಬರುವುವು.

ಭಕ್ತಮಹಾಶಯರು ಈ ಮಹೋತ್ಸವದ ನೆನಪಿಗಾಗಿ ತಮ್ಮ ತಮ್ಮ ಊರಿನ ಶಾಲೆಗೆ ಒಂದು ಗರಗಸ, ಒಂದು ಉಳಿ, ಒಂದು ಅಳತೆಪಟ್ಟಿಯನ್ನಾದರೂ ಒಪ್ಪಿಸಲಿ. ಅವು ಬೀರುವಿನೊಳಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲಿ. ಗೊರಬು ಹೆಣೆಯಬಲ್ಲ ವೃದ್ಧರು ಊರಿನಲ್ಲಿ ಒಬ್ಬರಾದರೂ ಉಳಿದಿದ್ದರೆ ಅವರನ್ನು ಶಾಲೆಗೆ ಕರೆತಂದು ಗುರುವಿನ ಆಸನದಲ್ಲಿ ಕುಳ್ಳಿರಿಸಲಿ. ಅವರ ಮೊಮ್ಮಗಳು ಆ ಕಸುಬನ್ನೇ ಹಿಡಿಯಬೇಕೆಂಬ ನಿರ್ಬಂಧವಿಲ್ಲ, ವೈದ್ಯಳಾಗಲಿ, ಯಂತ್ರಶಿಲ್ಪಿಯಾಗಲಿ. ಆದರೆ ಅಜ್ಜನ ಕೈಯಲ್ಲಿದ್ದುದು ವಿದ್ಯೆಯೇ ಎಂಬುದನ್ನು ಅವಳು ಶಾಲೆಯಲ್ಲಿಯೇ, ಎಲ್ಲರ ಮುಂದೆ ತಿಳಿಯುವಂತಾಗಲಿ.