ತಿದ್ದುಪಟ್ಟಿಯ ಸ್ಥಳಾಂತರ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯೇರಿದ ಕನ್ನಡ ಪಂಡಿತನು ಪಂಪನನ್ನೋ ಬಸವಣ್ಣನನ್ನೋ ಕುರಿತು ನಾಲ್ಕು ಮಾತನ್ನಾಡಿ ಇಳಿಯುವುದು ವಾಡಿಕೆ. ನಾನಿಂದು ಆರಿಸಿಕೊಂಡಿರುವ ವಿಷಯವಾದರೋ ಗಣಕಯಂತ್ರದೊಳಗಣ ಒಂದು ಪಟ್ಟಿ. ವಿಷಯ ಶುಷ್ಕವೆಂದು ತೋರಿದರೆ ತಾವು ಸ್ವಲ್ಪ ಸೈರಿಸಿಕೊಳ್ಳಬೇಕು. ನಮ್ಮ ಅಜ್ಜ ಅಜ್ಜಿಯರ ಮಾತು ಮುಂದಿನವರಿಗೆ ಯಾವ ರೂಪದಲ್ಲಿ ಮುಟ್ಟೀತು ಎಂಬುದು ಬಹುಮಟ್ಟಿಗೆ ಆ ಪಟ್ಟಿಯನ್ನೇ ಅವಲಂಬಿಸಿದೆ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರಾಂತದ ಕನ್ನಡವು ಪುಸ್ತಕಕ್ಕಿಂತ ಹೆಚ್ಚಾಗಿ ನಾಲಗೆಯ ಮೇಲೆ ಬದುಕಿ ಬಂದುದು. 1956ರಲ್ಲಿ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು, ಮನೆಯ ಮಾತು ಮಾತ್ರ ಇದ್ದಂತೆಯೇ ಇದ್ದಿತು. ಬೀಸುವ ಕಲ್ಲಿನ ಪದ, ಹಂತಿಯ ಪದ, ಸೋಬಾನ, ಇವನ್ನು ಬಲ್ಲ ಹಿರಿಯರ ಕಂಠವನ್ನು ನಮ್ಮ ತರುಣರು ಮೊಬೈಲಿನಲ್ಲಿ ಹಿಡಿದಿಡುತ್ತಿರುವುದು ಶ್ಲಾಘನೀಯ. ಹಿಡಿದಿಟ್ಟ ಧ್ವನಿಯನ್ನು ಬರಹಕ್ಕಿಳಿಸಲು ಪ್ರತ್ಯೇಕ ತಂತ್ರಾಂಶಗಳಿವೆ. ಅವು ಧ್ವನಿಯನ್ನು ನಿಧಾನಗೊಳಿಸುತ್ತವೆ, ಒಂದು ಗುಂಡಿಯಿಂದ ಹಿಂದಕ್ಕೆ ಸರಿಸುತ್ತವೆ, ಸಾಲಿನ ಪಕ್ಕದಲ್ಲಿ ಕಾಲವನ್ನು ನಮೂದಿಸುತ್ತವೆ. ಸೌಕರ್ಯ ದೊಡ್ಡದು. ಆದರೆ ವರ್ಡ್ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದವರು ಇಲ್ಲಿಗೆ ಬಂದೊಡನೆ ಕೈಕಟ್ಟಿದಂತಾಗುತ್ತಾರೆ. ಎರಡಕ್ಷರ ಒತ್ತಿದರೆ ಇಡೀ ಹೆಸರು ಮೂಡುತ್ತಿದ್ದ ಅವರ ಆಟೋಕರೆಕ್ಟ್ ಪಟ್ಟಿ ಇಲ್ಲಿ ಇಲ್ಲ. ಆ ಪಟ್ಟಿಯನ್ನು ಇತ್ತ ತರುವುದು ಹೇಗೆಂದು ಅವರು ಕೇಳುತ್ತಾರೆ.

ಮೊದಲು ಉಪಾಯವನ್ನು ಹೇಳಿಬಿಡುತ್ತೇನೆ. 1993ರಲ್ಲಿ ಬಂದ ವರ್ಡ್ 6ರಿಂದ ಈ ಸೌಲಭ್ಯವಿದೆ. ವರ್ಡ್ ಈ ಪಟ್ಟಿಯನ್ನು ಭಾಷೆಗೊಂದರಂತೆ ಬೇರೆ ಬೇರೆ ಕಡತಗಳಲ್ಲಿ ಇಡುತ್ತದೆ. ಕಡತದ ಹೆಸರಿನಲ್ಲಿ ಭಾಷೆಯ ಸಂಖ್ಯೆಯಿರುತ್ತದೆ. ಅಮೆರಿಕದ ಇಂಗ್ಲಿಷಿಗೆ 1033, ಕನ್ನಡಕ್ಕೆ 1099, ಮರಾಠಿಗೆ 1102. ಭಾಷೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು ಕನ್ನಡ ಬರೆದವರ ಪಟ್ಟಿ ಇಂಗ್ಲಿಷಿನ ಕಡತದಲ್ಲಿ ಅಡಗಿರುತ್ತದೆ. ಹುಡುಕುವಾಗ ಇದು ನೆನಪಿರಲಿ. ಆ ಕಡತವನ್ನು ಹಾಗೆಯೇ ಎತ್ತಿ ಇನ್ನೊಂದು ತಂತ್ರಾಂಶದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಅದನ್ನು ಓದಬಲ್ಲುದು ವರ್ಡಿನ ಬಳಗ ಮಾತ್ರ. ಒಂದು ಚಿಕ್ಕ ಮ್ಯಾಕ್ರೋ ಬರೆಯಿಸಿ ಪಟ್ಟಿಯನ್ನು ಎರಡು ಕಂಬಗಳ ಕೋಷ್ಟಕವಾಗಿ ಹೊರತೆಗೆಯಬೇಕು: ಎಡಕ್ಕೆ ಸಂಕ್ಷೇಪ, ಬಲಕ್ಕೆ ವಿಸ್ತಾರ. ಉಳಿಸುವಾಗ ಯೂನಿಕೋಡಿನ ಯು.ಟಿ.ಎಫ್.-8 ವಿಧವನ್ನೇ ಆರಿಸತಕ್ಕದ್ದು. ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವುದು. ಬರಹಕ್ಕಿಳಿಸುವ ಕೆಲವು ತಂತ್ರಾಂಶಗಳಲ್ಲಿ ಸಂಕ್ಷೇಪಗಳಿಗೆ ತಮ್ಮದೇ ಪಟ್ಟಿಯಿದೆ. ಇಲ್ಲದ ಕಡೆ ಆಟೋಹಾಟ್‌ಕೀ ಎಂಬ ಉಚಿತ ಸಾಧನವನ್ನು ಬಳಸಬಹುದು; ಅದು ವಿಂಡೋಸಿನ ಯಾವ ಕಿಟಕಿಯಲ್ಲಾದರೂ ಕೆಲಸ ಮಾಡುತ್ತದೆ. ಹಿಂದೆ ಎರಡು, ನಡುವೆ ಎರಡು ವಿರಾಮಬಿಂದುಗಳನ್ನಿಟ್ಟು ಸಂಕ್ಷೇಪವನ್ನೂ ವಿಸ್ತಾರವನ್ನೂ ಒಂದೇ ಸಾಲಿನಲ್ಲಿ ಬರೆದರೆ ಮುಗಿಯಿತು.

ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಪಟ್ಟಿ ಮಾಡಿದವರಿಗೆ ಇನ್ನೊಂದು ಹೆಜ್ಜೆಯುಂಟು. ಅಲ್ಲಿ ಕಣ್ಣಿಗೆ ಕನ್ನಡವಾಗಿ ಕಂಡುದು ಯಂತ್ರದ ಒಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ಆಮೇಲೆ ಮುಂದುವರಿಯಬೇಕು.

ಕನ್ನಡದ ಸ್ವಭಾವದಿಂದಲೇ ಒದಗುವ ತೊಡಕೊಂದಿದೆ; ವೈಯಾಕರಣನಾದ ನನಗೆ ಅದರ ಮೇಲೆ ಮಮತೆ ಹೆಚ್ಚು. ಆಟೋಕರೆಕ್ಟ್ ಹುಟ್ಟಿದ್ದು ಇಂಗ್ಲಿಷಿಗಾಗಿ. ಪದ ಮುಗಿದು ತೆರಪು ಬಿದ್ದ ಮೇಲೆ ಅದು ಎಚ್ಚರಗೊಳ್ಳುತ್ತದೆ. ನಮ್ಮಲ್ಲಿಯೋ ವಿಭಕ್ತಿ ಪದಕ್ಕೆ ಅಂಟಿಕೊಂಡೇ ಬರಬೇಕು. 'ಅಕ' ಎಂಬುದು 'ಅಕ್ಕಲಕೋಟೆ' ಆಗಲಿ ಎಂದು ಗೊತ್ತುಮಾಡಿದರೆ, ತೆರಪು ಒತ್ತಿ ಹೆಸರನ್ನು ಮೂಡಿಸಿ, ತೆರಪನ್ನು ಅಳಿಸಿ, ಆಮೇಲೆ 'ಯಲ್ಲಿ' ಸೇರಿಸಬೇಕು. ಉಳಿಸಿದ ಶ್ರಮವೆಲ್ಲ ಅಲ್ಲಿಗೇ ಹೋಯಿತು! ಆಟೋಹಾಟ್‌ಕೀಯಲ್ಲಿ ಮೊದಲ ಎರಡು ಬಿಂದುಗಳ ನಡುವೆ ನಕ್ಷತ್ರವನ್ನಿಟ್ಟರೆ ತೆರಪಿಗೆ ಕಾಯದೆ ಒಡನೆಯೇ ವಿಸ್ತಾರ ಮೂಡುತ್ತದೆ. ಆದರೆ 'ಅಕ್ಕ' ಎಂದು ಬರೆಯಹೊರಟವನಿಗೂ ಅಕ್ಕಲಕೋಟೆ ಎದುರಾದೀತು. ಆದಕಾರಣ ಸಂಕ್ಷೇಪದ ಕೊನೆಗೆ ಅರ್ಧವಿರಾಮದಂತಹ, ಪದದ ನಡುವೆ ಎಂದೂ ಬಾರದ ಚಿಹ್ನೆಯೊಂದನ್ನು ಸೇರಿಸಿಕೊಳ್ಳುವುದು ಲೇಸು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಆಟೋಕರೆಕ್ಟ್ ಪಟ್ಟಿಯೊಳಗೆ ಎರಡು ಜಾತಿಯ ನಮೂದುಗಳು ಬೆರೆತಿರುತ್ತವೆ. ಒಂದು ಜಾತಿ ಶ್ರಮ ಉಳಿಸುವ ಸಂಕ್ಷೇಪಗಳು. ಇನ್ನೊಂದು ಜಾತಿ ತಿದ್ದುಪಡಿಗಳು. ನಮ್ಮ ಕಡೆಯವರು ಪತ್ರವ್ಯವಹಾರಕ್ಕೆಂದು ಮಾಡಿಕೊಂಡ ಪಟ್ಟಿಗಳನ್ನು ನಾನು ನೋಡಿದ್ದೇನೆ. ಅಲ್ಲಿ 'ಐತಿ' ಎಂದರೆ 'ಇದೆ', 'ಭಾಳ' ಎಂದರೆ 'ಬಹಳ', 'ಖರೆ' ಎಂದರೆ 'ನಿಜ', 'ಲಗೂನ' ಎಂದರೆ 'ಬೇಗನೆ', 'ಹೋಗ್ಯಾನ' ಎಂದರೆ 'ಹೋಗಿದ್ದಾನೆ'. ಬೆರಳು ಅಭ್ಯಾಸಬಲದಿಂದ ಮನೆಮಾತನ್ನು ಒತ್ತಿದರೂ ಪತ್ರದಲ್ಲಿ ಶಿಷ್ಟರೂಪ ಬರಲೆಂದು ಮಾಡಿದ ಏರ್ಪಾಡು. ಪತ್ರಕ್ಕೆ ಅದು ಸರಿ. ಅದೇ ಪಟ್ಟಿಯನ್ನು ಪೂರ್ತಿಯಾಗಿ ಬರಹಕ್ಕಿಳಿಸುವ ತಂತ್ರಾಂಶಕ್ಕೆ ಸುರಿದರೆ, ಎಂಬತ್ತು ವರ್ಷದ ಮುದುಕಿ ಹಾಡಿದ ಪದ ಕಾಗದದ ಮೇಲೆ ನನ್ನ ಪಾಠಪುಸ್ತಕದ ಕನ್ನಡವಾಗಿ ಇಳಿಯುತ್ತದೆ. ಕೇಳುವವನ ಲಕ್ಷ್ಯವೆಲ್ಲ ಕಿವಿಯಲ್ಲಿರುತ್ತದೆ. ತೆರೆಯ ಮೇಲೆ ಸದ್ದಿಲ್ಲದೆ ಬದಲಾದ ಪದವನ್ನು ಅವನು ಕಾಣುವುದೇ ಇಲ್ಲ.

ನಷ್ಟವೇನೆಂದು ಕೇಳುವವರು ಮಾತ್ರೆಗಳನ್ನು ಎಣಿಸಿ ನೋಡಲಿ. 'ಹೋಗ್ಯಾನ' ಐದು ಮಾತ್ರೆ, 'ಹೋಗಿದ್ದಾನೆ' ಏಳು. 'ಐತಿ' ಮೂರು, 'ಇದೆ' ಎರಡು. ಹೀಗೆ ಸಾಲುಸಾಲಿಗೂ ಏರಿಳಿದರೆ ಹಾಡಿನ ನಡೆ ಕುಂಟುತ್ತದೆ. ಮುಂದೆ ಓದುವ ವಿದ್ವಾಂಸ ಆ ತಾಯಿಗೆ ಲಯಜ್ಞಾನವಿರಲಿಲ್ಲವೆಂದು ಷರಾ ಬರೆದಾನು. 'ಭಾಳ', 'ಬಹಳ' ಎರಡೂ ಮೂರೇ ಮಾತ್ರೆ. ಆದರೆ ನಡುವಣ ಹಕಾರವು ಹಿಂದಣ ಬಕಾರದಲ್ಲಿ ಸೇರಿ ಮಹಾಪ್ರಾಣವಾದ ಸೊಗಸು 'ಬಹಳ'ದಲ್ಲಿ ಕಾಣದು. 'ಖರೆ' ಎಂಬುದು ಮರಾಠಿಯಿಂದ ಬಂದ ಮಾತು. ಎರಡು ಭಾಷೆಗಳು ಒಂದೇ ಸಂತೆಯಲ್ಲಿ ಬಾಳಿದುದಕ್ಕೆ ಅದು ಸಾಕ್ಷಿ. ಅದನ್ನು 'ನಿಜ' ಮಾಡಿದರೆ ಸಾಕ್ಷಿಯ ಬಾಯಿ ಮುಚ್ಚಿದಂತೆ.

ತರಗತಿಯಲ್ಲಿ 'ಐತಿ' ಬರೆದ ಹುಡುಗನಿಗೆ ಕೆಂಪು ಗೆರೆ ಎಳೆಯುವ ಪಂಡಿತರು ಇಲ್ಲಿ ಹೀಗೆನ್ನಬಹುದೇ ಎಂದು ಮಿತ್ರರೊಬ್ಬರು ನಗೆಯಾಡಿದರು. ಪ್ರಬಂಧದಲ್ಲಿ ನಾಳೆಯೂ ಗೆರೆ ಎಳೆಯುವೆನು. ಆದರೆ ಶಾಸನವನ್ನು ಸಂಪಾದಿಸುವವರು ಕಲ್ಲಿನ ಮೇಲಿದ್ದುದನ್ನು ಇದ್ದಂತೆಯೇ ಕೊಟ್ಟು, ಸರಿಯಾದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುತ್ತಾರೆ. ಉಳಿ ಹಿಡಿದು ಕಲ್ಲನ್ನೇ ತಿದ್ದಲು ಯಾರೂ ಹೋಗುವುದಿಲ್ಲ. ಹಿರಿಯರ ಧ್ವನಿ ನಮ್ಮ ಪಾಲಿನ ಶಾಸನ.

ಆದ್ದರಿಂದ ಕೋಷ್ಟಕವನ್ನು ಹೊರತೆಗೆದ ಮೇಲೆ ಪಕ್ಕದಲ್ಲಿ ಮೂರನೆಯ ಕಂಬವೊಂದನ್ನು ಎಳೆದು, ಪ್ರತಿಯೊಂದು ನಮೂದಿನ ಎದುರು 'ಸಂ' ಅಥವಾ 'ತಿ' ಎಂದು ಗುರುತು ಹಾಕಬೇಕು. 'ಸಂ' ಎಂಬವು ಮಾತ್ರ ಹೊಸ ತಂತ್ರಾಂಶಕ್ಕೆ ಹೋಗಲಿ. ಊರಿನ ಹೆಸರು, ಹಾಡಿದವರ ಹೆಸರು, 'ಧ್ವನಿ ಅಸ್ಪಷ್ಟ', 'ನಗು', 'ಪಲ್ಲವಿ ಪುನರಾವರ್ತನೆ' ಮೊದಲಾದ ಸೂಚನೆಗಳು ಇದರಲ್ಲಿ ಸೇರುತ್ತವೆ. 'ಹೋಗ್ಯಾನ', 'ಬಂದಾನ' ಮುಂತಾದ ಆಡುರೂಪಗಳಿಗೂ ಹೊಸ ಸಂಕ್ಷೇಪಗಳನ್ನು ಕಟ್ಟಿಕೊಂಡರೆ ವೇಗ ಹೆಚ್ಚುವುದು. 'ತಿ' ಎಂಬವನ್ನು ಎಸೆಯಬೇಕಿಲ್ಲ. ಕೇಳಿದಂತೆ ಬರೆದ ಮೂಲಪ್ರತಿಯನ್ನು ಮುಟ್ಟದೆ ಕಾದಿರಿಸಿ, ಅದರ ನಕಲೊಂದನ್ನು ವರ್ಡಿಗೆ ತಂದು, ಮಕ್ಕಳ ಓದಿಗಾಗಿ ಶಿಷ್ಟರೂಪವನ್ನು ಸಿದ್ಧಪಡಿಸುವಾಗ ಅವು ಉಪಯೋಗಕ್ಕೆ ಬರುತ್ತವೆ.

ಹೀಗೆ ಗುರುತು ಹಾಕಿದ ಒಂದು ಪಟ್ಟಿಯನ್ನು ಸಂಘದ ಕಚೇರಿಯ ಗಣಕಯಂತ್ರದಲ್ಲಿ ಇರಿಸಿದ್ದೇನೆ. ಬೇಕಾದವರು ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಿಕೊಳ್ಳಬಹುದು. ತಮ್ಮ ತಮ್ಮ ಊರಿನ ಪದಗಳನ್ನು ಅದಕ್ಕೆ ಸೇರಿಸಿ ಹಿಂದಿರುಗಿಸಿದರೆ ಉಪಕಾರವಾಗುತ್ತದೆ. ಜತ್ತದ ಕಡೆಯ ಪದಗಳು ಅದರಲ್ಲಿ ತೀರ ಕಡಮೆ ಇವೆ.