ಅನ್ನ, ಸಾರು ಮತ್ತು ಐಲ್ಯಾಂಡ್

ಇವತ್ತು ಮಕ್ಕಳ ಇಂಗ್ಲಿಷ್ ಕಲಿಕೆಯ ಬಗ್ಗೆ ನಾಲ್ಕು ಮಾತು. ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ.

ಮೂರನೇ ತರಗತಿಯಲ್ಲಿರುವ ನನ್ನ ಮಗಳಿಗೆ ಮರುದಿನ ಪರೀಕ್ಷೆ. ಹತ್ತು ಇಂಗ್ಲಿಷ್ ಪದ, ಹತ್ತು ಅರ್ಥ. ನಾನು ಕೆಲಸ ಮುಗಿಸಿ, ಲೋಕಲ್ ಹಿಡಿದು ಮನೆ ಸೇರಿದಾಗ ರಾತ್ರಿ ಒಂಬತ್ತು. ಆಯಾಸದಲ್ಲಿ, ‘ಬಾಯಿಪಾಠ ಮಾಡಿಬಿಡು ಪುಟ್ಟಿ’ ಎಂದೆ. ಊಟಕ್ಕೆ ಕೂತಾಗ ಅವಳು ಗಿಳಿಯ ಹಾಗೆ ಒಪ್ಪಿಸಿದಳು: ‘ಐಲ್ಯಾಂಡ್ ಈಸ್ ಎ ಪೀಸ್ ಆಫ್ ಲ್ಯಾಂಡ್ ಸರೌಂಡೆಡ್ ಬೈ ವಾಟರ್.’ ಒಂದಕ್ಷರ ತಪ್ಪಲಿಲ್ಲ.

ಧಾರವಾಡದಿಂದ ಬಂದಿದ್ದ ಅವಳ ಅಜ್ಜಿ, ‘ಹಂಗಂದ್ರ ಏನವ್ವಾ?’ ಎಂದು ಕೇಳಿದರು. ‘ಅಜ್ಜಿ, ನಿನಗೆ ಇಂಗ್ಲಿಷ್ ಬರಲ್ಲ, ಬಿಡು’ ಎಂದಳು ಮಗಳು. ಅಜ್ಜಿ ಸುಮ್ಮನಾದರು. ನನಗೆ ಕಸಿವಿಸಿಯಾಯಿತು. ‘ಸರಿ, ಸರೌಂಡೆಡ್ ಅಂದರೇನು? ನನಗೆ ಹೇಳು’ ಎಂದೆ. ಹುಡುಗಿ ತಡವರಿಸಿದಳು. ಅರ್ಥ ಬಾಯಲ್ಲಿತ್ತು, ತಲೆಗೆ ಹೋಗಿರಲಿಲ್ಲ.

ಆಗ ಅಜ್ಜಿ ಅವಳ ತಟ್ಟೆ ಎಳೆದುಕೊಂಡು, ಅನ್ನವನ್ನು ನಡುವೆ ಗುಡ್ಡೆ ಮಾಡಿ, ಸುತ್ತ ಸಾರು ಹಾಕಿದರು. ‘ನೋಡಿಲ್ಲಿ, ಸುತ್ತೂ ಕಡೆ ನೀರು, ನಡುವ ಗಡ್ಡಿ. ಇದಕ್ಕ ನಡುಗಡ್ಡಿ ಅಂತೀವಿ ನಾವು.’ ಕನ್ನಡದ ಆ ಒಂದು ಪದದೊಳಗೇ ಅರ್ಥವೂ ಕೂತಿದೆ, ನೋಡಿ. ಕನ್ನಡ ಬಿ.ಎ. ಓದಿದ ನನಗೆ ಅದು ಹೊಳೆದಿರಲಿಲ್ಲ.

ಅರ್ಥ ಹೇಳುವುದು ಅಷ್ಟು ಸುಲಭದ ಕೆಲಸವೇನಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿ ‘ನೆಟ್‌ವರ್ಕ್’ ಎಂಬ ಪದಕ್ಕೆ ಕೊಟ್ಟ ವಿವರಣೆಯ ತುಂಬ ಆ ಪದಕ್ಕಿಂತ ಕಠಿಣವಾದ ಪದಗಳೇ. ಬಲೆ ಗೊತ್ತಿದ್ದವನೂ ಅದನ್ನು ಓದಿದರೆ ಬಲೆಗೆ ಬಿದ್ದ ಹಾಗೆಯೇ!

ಇದಕ್ಕೊಂದು ದಾರಿ ಹುಡುಕಿದವರಲ್ಲಿ ಮೈಕೇಲ್ ವೆಸ್ಟ್ ಮುಖ್ಯರು. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವರು. ನಮ್ಮ ನೆಲದ ಮಕ್ಕಳು ಇಂಗ್ಲಿಷಿನ ಜೊತೆ ಗುದ್ದಾಡುವುದನ್ನು ಹತ್ತಿರದಿಂದ ಕಂಡವರು. 1935ರಲ್ಲಿ ಅವರು ಜೇಮ್ಸ್ ಎಂಡಿಕಾಟ್ ಜೊತೆ ಸೇರಿ ಒಂದು ನಿಘಂಟು ತಂದರು. ಅದರಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಬರೀ 1,490 ಸರಳ ಪದಗಳಿಂದಲೇ ವಿವರಿಸಿದರು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಮಿತಿ ಹಾಕಿಕೊಂಡಿತು. 1987ರ ಕೋಬಿಲ್ಡ್ ನಿಘಂಟು ಪದವನ್ನು ಪೂರ್ಣ ವಾಕ್ಯದೊಳಗೇ ಇಟ್ಟು, ಶಿಕ್ಷಕರು ತರಗತಿಯಲ್ಲಿ ಹೇಳುವ ಹಾಗೆ ಅರ್ಥ ಹೇಳಿತು. ವಿವರಣೆ ಪದಕ್ಕಿಂತ ಸುಲಭವಾಗಿರಬೇಕು. ಇಷ್ಟೇ ಇವರೆಲ್ಲರ ಸೂತ್ರ.

ಈ ಸೂತ್ರವನ್ನು ಮನೆಯಲ್ಲೂ ಬಳಸಬಹುದು. ತೋರಿಸಲು ಸಾಧ್ಯವಿದ್ದರೆ ಮೊದಲು ತೋರಿಸಿ. ‘ಸ್ಟೀಮ್’ ಎಂದರೇನು ಎಂದು ಕೇಳಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯಿರಿ, ಸಾಕು. ತೋರಿಸಲಾಗದ್ದಕ್ಕೆ ಒಂದು ಸಂದರ್ಭ ಹೇಳಿ. ‘ಬ್ರೇವ್’ ಎಂದರೆ ಧೈರ್ಯಶಾಲಿ ಎಂದು ಬಿಟ್ಟುಬಿಡಬೇಡಿ. ‘ಹೆದರಿಕೆಯಾದರೂ ನೀನು ವೇದಿಕೆ ಹತ್ತಿ ಹಾಡಿದೆಯಲ್ಲ, ಅದು’ ಎನ್ನಿ.

ಕೆಲವು ಕಡೆ ನಮ್ಮ ಭಾಷೆಯೇ ಗೊಂದಲ ಬಿಡಿಸುತ್ತದೆ. ‘ಬಾರೋ’ ಮತ್ತು ‘ಲೆಂಡ್’ ಮಕ್ಕಳಿಗೆ ಸದಾ ಅದಲುಬದಲು. ಕನ್ನಡದಲ್ಲಿ ಎರಡಕ್ಕೂ ಕಡ ಎಂಬ ಒಂದೇ ಮಾತು. ತೆಗೆದುಕೊಂಡರೆ ಬಾರೋ, ಕೊಟ್ಟರೆ ಲೆಂಡ್. ಒಂದು ಪೆನ್ಸಿಲ್ ಕೈ ಬದಲಾಯಿಸಿ ತೋರಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಇನ್ನು ಕೆಲವು ಕಡೆ ಒಂದಕ್ಕೊಂದು ಪದ ಕೂಡಿ ಬರುವುದಿಲ್ಲ. ‘ಅಂಕಲ್’ ಎಂದರೆ ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ಮೂವರೂ ಹೌದು. ಅಲ್ಲಿ ಒಂದು ಪದ ಸಾಲದು, ವಿವರಿಸಿಯೇ ಹೇಳಬೇಕು.

ಈ ಊರುಗಳಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಆಟದ ಅಂಗಳದಲ್ಲಿ ಹಿಂದಿಯೋ ಮರಾಠಿಯೋ ತಮಿಳೋ ತೆಲುಗೋ ಆಡುತ್ತಾರೆ. ಮನೆಗೆ ಬಂದರೆ ಕನ್ನಡ. ‘ನನಗೆ ಇಂಗ್ಲಿಷ್ ಬರಲ್ಲ, ನಾನೇನು ಹೇಳಿಕೊಡಲಿ’ ಎಂದು ಎಷ್ಟೋ ತಾಯಂದಿರು ಅಡುಗೆಮನೆಗೆ ಸರಿದುಬಿಡುತ್ತಾರೆ. ಹಾಗೆ ಸರಿದಾಗ ಮಗು ಇನ್ನೊಂದು ಪಾಠವನ್ನೂ ಕಲಿಯುತ್ತದೆ: ಅಮ್ಮನಿಗೆ ಏನೂ ಗೊತ್ತಿಲ್ಲ ಎಂದು. ಆ ಪಾಠ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಮಗು ಅದನ್ನು ಬೇಗ ಕಲಿಯುತ್ತದೆ. ದಯವಿಟ್ಟು ಸರಿಯಬೇಡಿ. ಸ್ಪೆಲಿಂಗ್ ಶಾಲೆಯವರು ಕಲಿಸಲಿ. ಪದದ ಹಿಂದಿರುವ ವಸ್ತು, ಅನುಭವ ನಿಮಗೆ ಗೊತ್ತಿದೆ.

ಪರೀಕ್ಷೆ ಮುಗಿಸಿ ಬಂದ ಮಗಳು ಅಂಕದ ವಿಷಯ ಎತ್ತಲೇ ಇಲ್ಲ. ‘ಅಮ್ಮಾ, ಮುಂಬಯಿ ಕೂಡ ಐಲ್ಯಾಂಡಾ?’ ಎಂದು ಕೇಳಿದಳು. ಹೌದು, ಹಿಂದೆ ಏಳು ನಡುಗಡ್ಡೆಗಳಿದ್ದವು, ನಡುವಿನ ನೀರು ತುಂಬಿಸಿ ಒಂದು ಮಾಡಿದರು ಎಂದೆ. ‘ಅಂದರೆ ಸಾರೆಲ್ಲ ಖಾಲಿ ಮಾಡಿದರು!’ ಎಂದು ನಕ್ಕು, ಅದನ್ನು ಹೇಳಲು ಅಜ್ಜಿಯ ಹತ್ತಿರ ಓಡಿದಳು.

ಇವತ್ತು ರಾತ್ರಿ ನಿಮ್ಮ ಮಗುವಿನ ಪುಸ್ತಕದಿಂದ ಮೂರೇ ಮೂರು ಪದ ತೆಗೆದುಕೊಳ್ಳಿ. ‘ಹಂಗಂದ್ರ ಏನು?’ ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೂ ಪೂರ್ತಿ ಅಂಕ ಕೊಡಿ.