ಅಮ್ಮನಿಗೆ ಈಜು ಬರಲ್ಲ, ಪರವಾಗಿಲ್ಲ

ಇವತ್ತಿನ ಮಾತು ನಿಮ್ಮ ಜಿಮ್ ಬಗ್ಗೆ ಅಲ್ಲ, ನಿಮ್ಮ ಅಮ್ಮ, ಅಜ್ಜಿಯ ಕಾಲಿನ ಬಲದ ಬಗ್ಗೆ. ನೆಲದಿಂದ ಏಳುವಾಗ ಅವರು ಗೋಡೆ ಹಿಡೀತಾರಾ? ಬಸ್ಸಿನ ಮೊದಲ ಮೆಟ್ಟಿಲು ಹತ್ತೋಕೆ ಕಂಬಿಗೆ ಜೋತುಬೀಳ್ತಾರಾ? ಹಾಗಿದ್ರೆ ಸ್ವಲ್ಪ ಕೇಳಿಸಿಕೊಳ್ಳಿ.

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ, ಸ್ನಾಯುವೂ ಕರಗುತ್ತಾ ಹೋಗುತ್ತೆ. ಬಚ್ಚಲುಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಅಜ್ಜಿಯರ ಕಥೆ ಹಿಂದೆ ಸಾಮಾನ್ಯವಾಗಿ ಈ ಎರಡೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ, 65 ದಾಟಿದವರಿಗೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತೆ. ಪಾರ್ಕಿನಲ್ಲಿ ಎರಡು ಸುತ್ತು ವಾಕಿಂಗ್ ಒಳ್ಳೆಯದೇ, ಆದರೆ ಅದು ಈ ಲೆಕ್ಕಕ್ಕೆ ಬರಲ್ಲ. ಮನೆಯಲ್ಲಿ ಹೇಳಿ ನೋಡಿ, ಉತ್ತರ ಗೊತ್ತೇ ಇದೆ: "ಮಂಡಿ ನೋವು ಕಣೋ, ನನ್ನ ಕೈಲಾಗಲ್ಲ." ಅದು ಸೋಮಾರಿತನ ಅಲ್ಲ. ನಿಜವಾಗಲೂ ನೋಯುತ್ತೆ.

ನೀರು ಉಪಯೋಗಕ್ಕೆ ಬರೋದು ಇಲ್ಲೇ. ಸೊಂಟದವರೆಗಿನ ನೀರಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತೆ. ಎದೆಮಟ್ಟದಲ್ಲಿ ಉಳಿಯೋದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. 60 ಕೆಜಿ ಇರುವ ಅಮ್ಮನ ಕಾಲುಗಳು ಹೊರೋದು 20 ಕೆಜಿ ಆಸುಪಾಸು! ಭಾರ ಇಳಿಯಿತು, ಆದರೆ ಕೆಲಸ ಇಳಿಯಲಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಕಾಲು ಬೀಸಿದರೆ ಅದು ತಡೆಯುತ್ತೆ. ಬೀಸುವ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತೆ. ಎಷ್ಟು ಭಾರ ಎತ್ತಬೇಕು ಅನ್ನೋದು ಅಮ್ಮನ ಕೈಯಲ್ಲೇ ಇದೆ. ನೋವು ಅನ್ನಿಸಿದ ಕ್ಷಣ ನಿಲ್ಲಿಸಿದರೆ ಆಯ್ತು, ಕಾಲ ಮೇಲೆ ಬೀಳೋಕೆ ಯಾವ ಕಬ್ಬಿಣವೂ ಇಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಜಿಮ್ ಮಾಡಿದ ಮರುದಿನದ ಮೈಕೈ ನೋವು ಬಹುಪಾಲು ಬರೋದು ತೂಕವನ್ನ ನಿಧಾನಕ್ಕೆ ಇಳಿಸುವಾಗಿನ ಕೆಲಸದಿಂದ. ನೀರಲ್ಲಿ ಆ ಇಳಿಸುವ ಕೆಲಸವೇ ಕಡಿಮೆ, ಹೋಗುವಾಗಲೂ ತಳ್ಳಬೇಕು, ಬರುವಾಗಲೂ ತಳ್ಳಬೇಕು. ಅದಕ್ಕೇ ನೀರಿನ ವ್ಯಾಯಾಮದ ಮರುದಿನ ಮೈ ಅಷ್ಟಾಗಿ ಹಿಡಿದುಕೊಳ್ಳಲ್ಲ.

ಮಾಡಬೇಕಾದ್ದು ಏನು? ಎದೆಮಟ್ಟದ ನೀರಲ್ಲಿ ಅಂಚು ಹಿಡಿದು ಕಾಲನ್ನ ಮುಂದೆ, ಹಿಂದೆ, ಪಕ್ಕಕ್ಕೆ ಬೀಸೋದು. ಕುರ್ಚಿಯಲ್ಲಿ ಕೂತು ಎದ್ದ ಹಾಗೆ ಕುಕ್ಕರಿಸಿ ಏಳೋದು. ಅಂಗೈ ಅಗಲ ಮಾಡಿ ನೀರು ತಳ್ಳುತ್ತಾ ಹಿಂದಕ್ಕೂ ನಡೆಯೋದು. ಫೋಮ್ ಡಂಬೆಲ್ ಸಿಕ್ಕರೆ ಒಂದು ತಮಾಷೆ ಗಮನಿಸಿ, ಅದನ್ನ ಎತ್ತೋದು ಕಷ್ಟ ಅಲ್ಲ, ಮುಳುಗಿಸೋದು ಕಷ್ಟ. ಆದರೆ ಸೊಸೆ ಬಗ್ಗೆ ಮಾತಾಡ್ತಾ ಸುಮ್ಮನೆ ಕೈಕಾಲು ಆಡಿಸಿದರೆ ಬಲ ಬರಲ್ಲ. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ "ಅಬ್ಬಾ, ಸಾಕಪ್ಪಾ" ಅನ್ನಿಸಬೇಕು.

ಫಲ ಎಷ್ಟು ಅಂತನೂ ಹೇಳಿಬಿಡ್ತೀನಿ. ಮಂಡಿ, ಸೊಂಟದ ಕೀಲು ಸವೆತ ಇರುವವರ ಮೇಲಿನ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆ, ನೀರಿನ ವ್ಯಾಯಾಮದಿಂದ ನೋವು ಮತ್ತು ಓಡಾಟದಲ್ಲಿ ಸಣ್ಣ, ಅಲ್ಪಾವಧಿಯ ಸುಧಾರಣೆ ಕಂಡಿತು. ಪವಾಡ ಏನಲ್ಲ. ಮೂಳೆಗೆ ಭಾರ ಬೀಳಬೇಕು, ನೀರು ಆ ಭಾರವನ್ನೇ ತೆಗೆದುಬಿಡುತ್ತೆ. ಹಾಗಾಗಿ ಕಾಲಿಗೆ ಸ್ವಲ್ಪ ಧೈರ್ಯ ಬಂದ ಮೇಲೆ ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಏಳೋದು, ಮೆಟ್ಟಿಲು ಹತ್ತೋದು ಸೇರಿಸಬೇಕು. ಪೂಲ್ ಅಲ್ಲಿಗೆ ಹೋಗೋ ಮೊದಲ ಮೆಟ್ಟಿಲು ಅಷ್ಟೇ.

ನಿಜವಾದ ಅಡ್ಡಿ ಮಂಡಿ ಅಲ್ಲ, ಬಟ್ಟೆ. "ಈ ವಯಸ್ಸಲ್ಲಿ ಆ ಚಡ್ಡಿ ಹಾಕ್ಕೊಂಡು?" ಉದ್ದ ತೋಳಿನ, ಪಾದದವರೆಗಿನ ಈಜುಡುಗೆ ಆನ್‌ಲೈನ್‌ನಲ್ಲೇ ಸಿಗುತ್ತೆ, ನಿಮ್ಮ ಫೋನಲ್ಲೇ ತೋರಿಸಿ. ಹತ್ತಿರದ ಪೂಲ್‌ಗೆ ಮೊದಲು ನೀವೇ ಹೋಗಿ ಕೇಳಿ: ಲೇಡೀಸ್ ಬ್ಯಾಚ್ ಇದೆಯಾ, ಕೋಚ್ ಹೆಂಗಸಾ, ನೀರಿಗಿಳಿಯೋಕೆ ಏಣಿ ಮಾತ್ರ ಇದೆಯಾ ಅಥವಾ ಕಂಬಿ ಇರುವ ಮೆಟ್ಟಿಲಾ, ನೀರು ಎಷ್ಟು ಬೆಚ್ಚಗಿದೆ. ಕೀಲು ನೋವಿನವರಿಗೆ 29-30 ಡಿಗ್ರಿಗಿಂತ ತಣ್ಣಗಿದ್ದರೆ ಹಿತ ಅನ್ನಿಸಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬಯಲು ಪೂಲ್ ಮರೆತುಬಿಡಿ. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತೆ ಅನ್ನೋ ಭಯಕ್ಕೂ ಎಷ್ಟೋ ಹೆಂಗಸರು ಬರಲ್ಲ. ಅದನ್ನ ಮಗನಿಗೆ ಹೇಳಲ್ಲ, ಮಗಳು ಕೇಳಬೇಕು. ಅದಕ್ಕೂ ಚಿಕಿತ್ಸೆ ಇದೆ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಫಿಟ್ಸ್, ವಾಸಿಯಾಗದ ಗಾಯ ಇದ್ದರೆ ಡಾಕ್ಟರನ್ನ ಕೇಳದೆ ಇಳಿಸಬೇಡಿ. ನೀರಲ್ಲಿ ಬೆವರಿದ್ದು ಗೊತ್ತಾಗಲ್ಲ, ಕುಡಿಯೋಕೆ ನೀರಿನ ಬಾಟ್ಲಿ ಇರಲಿ. ಜಾರುವ ಅಪಾಯ ನೀರೊಳಗಿಗಿಂತ ಹೊರಗಿನ ಒದ್ದೆ ಟೈಲ್ಸ್ ಮೇಲೆ ಹೆಚ್ಚು, ರಬ್ಬರ್ ಚಪ್ಪಲಿ ಮರೀಬೇಡಿ. ಹೊರಗೆ ಬರುವಾಗ ಮೈ ಇದ್ದಕ್ಕಿದ್ದಂತೆ ಭಾರ ಅನ್ನಿಸುತ್ತೆ, ತಲೆಯೂ ಸುತ್ತಬಹುದು. ಆಗ ಕಂಬಿ ಹಿಡಿದು ಒಂದು ನಿಮಿಷ ನಿಲ್ಲೋಕೆ ಹೇಳಿ, ನೀವು ಟವೆಲ್ ಹಿಡ್ಕೊಂಡು ಪಕ್ಕದಲ್ಲೇ ಇರಿ.